ಮನೆಯಲ್ಲಿದ್ದು ಗಣಕವಿದ್ಯೆ: ಚಳ್ಳಕೆರೆ–ಮೊಳಕಾಲ್ಮೂರು ಸೀಮೆಯ ಪದವೀಧರರನ್ನು ಕುರಿತು

ಚಿತ್ರದುರ್ಗ ಜಿಲ್ಲೆಯಲ್ಲಿ ಆಂಧ್ರಪ್ರದೇಶದ ಗಡಿಗೆ ತಾಗಿಕೊಂಡಿರುವ ಚಳ್ಳಕೆರೆ, ಮೊಳಕಾಲ್ಮೂರು ತಾಲ್ಲೂಕುಗಳು ನಾಡಿನಲ್ಲಿ ಮಳೆ ತೀರ ಕಡಿಮೆಯಾದ ಪ್ರದೇಶಗಳ ಪೈಕಿ ಸೇರಿದವು. ಚಳ್ಳಕೆರೆ ಶೇಂಗಾ ಎಣ್ಣೆಯ ಗಿರಣಿಗಳಿಗೂ ಕಂಬಳಿಗೂ ಹೆಸರಾದುದು. ಮೊಳಕಾಲ್ಮೂರಿನ ರೇಷ್ಮೆಸೀರೆಗೆ ೨೦೧೧ರಲ್ಲಿ ಭೌಗೋಳಿಕ ಸೂಚಿಕೆಯ ಮನ್ನಣೆ ದೊರೆಯಿತು. ಇಂಥ ಸೀಮೆಯಲ್ಲಿ ಪದವಿ ಮುಗಿಸಿ, ಕೆಲಸ ದೊರೆಯದೆ ತಂದೆತಾಯಿಗಳ ಆಶ್ರಯಕ್ಕೆ ಹಿಂದಿರುಗಿದವರು ಗಣಕವಿದ್ಯೆಯನ್ನು ಹೇಗೆ ಕಲಿಯಬಹುದು, ಕಾಲೇಜುಗಳು ಅವರಿಗೆ ಹೇಗೆ ನೆರವಾಗಬಹುದು ಎಂಬುದನ್ನು ವಿಚಾರಮಾಡುವುದು ಪ್ರಕೃತ ಲೇಖನದ ಉದ್ದೇಶ.

ಮೊದಲು ಒಂದು ತಪ್ಪು ಭಾವನೆಯನ್ನು ನಿವಾರಿಸಿಕೊಳ್ಳಬೇಕು. ಕೆಲಸವಿಲ್ಲದವನಿಗೆ ಕಾಲ ಧಾರಾಳವಾಗಿರುತ್ತದೆಂದು ಹೊರಗಿನವರು ತಿಳಿಯುವುದುಂಟು. ವಸ್ತುಸ್ಥಿತಿ ಹಾಗಿಲ್ಲ. ನೇಕಾರರ ಮನೆಯಲ್ಲಿ ಕಂಡಿಕೆ ಸುತ್ತುವುದಕ್ಕೆ, ಹಾಸನ್ನು ಸಿದ್ಧಪಡಿಸುವುದಕ್ಕೆ ಕೈಗಳು ಬೇಕು. ಬೇಸಾಯಗಾರರ ಮನೆಯಲ್ಲಿ ಶೇಂಗಾ ಕೀಳುವ ಕಾಲಕ್ಕೆ ಎಲ್ಲರೂ ಹೊಲದಲ್ಲಿರಬೇಕು. ಹೆಣ್ಣುಮಕ್ಕಳಿಗಾದರೋ ಅಡಿಗೆಮನೆಯ ಹೊರೆಯೂ ಕೂಡಿಕೊಳ್ಳುತ್ತದೆ. ಮನೆ ಅನ್ನವನ್ನೂ ನೆರಳನ್ನೂ ಕೊಡುತ್ತದೆ. ಅದಕ್ಕೆ ಪ್ರತಿಯಾಗಿ ದುಡಿಮೆಯನ್ನು ಕೇಳುತ್ತದೆ. ಇದು ನ್ಯಾಯವೇ. ಆದರೆ ಕಲಿಕೆಗೆ ಬೇಕಾದುದು ಬಿಡಿಬಿಡಿಯಾದ ಬಿಡುವಲ್ಲ, ದಿನವೂ ಒಂದೇ ಹೊತ್ತಿಗೆ ದೊರೆಯುವ ಎರಡು ಗಂಟೆ. ಇದನ್ನು ಮನೆಯವರಿಗೆ ತಿಳಿಯಹೇಳುವುದೇ ಕಲಿಯುವವರ ಮೊದಲನೆಯ ಕೆಲಸ.

ಎರಡನೆಯದಾಗಿ, ಕೈಫೋನಿನ ಬಳಕೆಯೇ ಗಣಕವಿದ್ಯೆಯಲ್ಲ. ಫೋನಿನಲ್ಲಿ ನೋಡುವುದು, ಕೇಳುವುದು ಸುಲಭ. ದೀರ್ಘವಾದ ಬರಹವನ್ನಾಗಲಿ ಲೆಕ್ಕದ ಹಾಳೆಯನ್ನಾಗಲಿ ರಚಿಸುವುದಕ್ಕೆ ಕೀಲಿಮಣೆ ಬೇಕು. ಕರ್ನಾಟಕ ಸರ್ಕಾರ ೨೦೧೨ರಲ್ಲಿ ತನ್ನ ನೌಕರರಿಗಾಗಿ ಗಣಕ ಸಾಕ್ಷರತಾ ಪರೀಕ್ಷೆಯ ನಿಯಮಗಳನ್ನು ಮಾಡಿದುದು ಇಲ್ಲಿ ಸ್ಮರಣೀಯ. ಕಚೇರಿಯ ಕೆಲಸಕ್ಕೆ ಬೇಕಾದ ಈ ವಿದ್ಯೆಯ ಮೊದಲ ಮೆಟ್ಟಿಲು ಕನ್ನಡದ ಬೆರಳಚ್ಚು. ಕೆ. ಪಿ. ರಾವ್ ಅವರು ರೂಪಿಸಿದ ಧ್ವನ್ಯನುಸಾರಿ ವಿನ್ಯಾಸದಲ್ಲಿ ವ್ಯಂಜನಕ್ಕೆ ಸ್ವರ ಸೇರಿ ಅಕ್ಷರವಾಗುವ ಕ್ರಮವನ್ನೇ ಕೀಲಿಗಳು ಅನುಸರಿಸುವುದರಿಂದ, ಕಾಗುಣಿತ ಬಲ್ಲವರಿಗೆ ಅದು ಬಹುಬೇಗ ಕೈಗೆ ಹತ್ತುತ್ತದೆ. ಜೊತೆಗೆ ಯೂನಿಕೋಡಿನ ತತ್ತ್ವವನ್ನೂ ಅರಿಯಬೇಕು. ೧೯೯೧ರ ಅದರ ಮೊದಲ ಆವೃತ್ತಿಯಲ್ಲಿಯೇ ಕನ್ನಡಕ್ಕೆ ಪ್ರತ್ಯೇಕ ಸ್ಥಾನ ದೊರೆಯಿತು. ಹಳೆಯ ಅಕ್ಷರಶೈಲಿಗಳಲ್ಲಿ ಒಂದು ಯಂತ್ರದಲ್ಲಿ ಬರೆದುದು ಮತ್ತೊಂದರಲ್ಲಿ ಅರ್ಥವಿಲ್ಲದ ಚಿಹ್ನೆಗಳಾಗಿ ಕಾಣುತ್ತಿದ್ದುದಕ್ಕೆ ಸಂಕೇತಗಳ ಭೇದವೇ ಕಾರಣ.

ಎರಡನೆಯ ಮೆಟ್ಟಿಲು ಲೆಕ್ಕದ ಹಾಳೆ. ಇದರ ಸಾರ ಒಂದೇ ಮಾತಿನಲ್ಲಿದೆ: ಮನೆಯೊಳಗೆ ಅಂಕೆಯನ್ನಲ್ಲದೆ ಅಂಕೆಗಳ ಸಂಬಂಧವನ್ನೂ ಬರೆಯಬಹುದು. ಹನ್ನೆರಡು ಕ್ವಿಂಟಾಲ್ ಶೇಂಗಾ, ಕ್ವಿಂಟಾಲಿಗೆ ೬,೦೦೦ ರೂಪಾಯಿ ದರ, ಸಾಗಣೆ ಮೊದಲಾದ ವೆಚ್ಚ ೧,೫೦೦ ಎಂದು ಉದಾಹರಣೆಗಾಗಿ ಭಾವಿಸೋಣ. ಉಳಿಯುವುದು ೭೦,೫೦೦. ದರವನ್ನು ೬,೨೦೦ ಎಂದು ತಿದ್ದಿದೊಡನೆ ಮೊತ್ತ ತಾನಾಗಿಯೇ ೭೨,೯೦೦ ಆಗುತ್ತದೆ. ಮನೆಯ ಲೆಕ್ಕವನ್ನೇ ಹೀಗೆ ಹಾಳೆಗೆ ಇಳಿಸಿದರೆ ಅಭ್ಯಾಸವೂ ಆಗುತ್ತದೆ, ಕಲಿಕೆಯ ಪ್ರಯೋಜನ ಹಿರಿಯರಿಗೂ ಕಣ್ಣಿಗೆ ಕಾಣುತ್ತದೆ.

ಮೂರನೆಯದು ಕ್ರಮವಿಧಿಯ ರಚನೆ. ಇದು ನೇಕಾರರ ಮಕ್ಕಳಿಗೆ ತೀರ ಅಪರಿಚಿತವಾದುದಲ್ಲ. ಫ್ರಾನ್ಸಿನ ಜಕಾರ್ಡ್ ೧೮೦೪ರಲ್ಲಿ ರೂಪಿಸಿದ ಮಗ್ಗದ ಸಲಕರಣೆಯಲ್ಲಿ ರಟ್ಟಿನ ಪಟ್ಟಿಗಳು ವಿನ್ಯಾಸವನ್ನು ನಿರ್ಧರಿಸುತ್ತವೆ: ರಂಧ್ರವಿದ್ದೆಡೆ ಹಾಸಿನ ಎಳೆ ಮೇಲೇಳುತ್ತದೆ, ಇಲ್ಲದೆಡೆ ಕೆಳಗುಳಿಯುತ್ತದೆ. ಇಂಗ್ಲೆಂಡಿನ ಬ್ಯಾಬೇಜ್ ತನ್ನ ಗಣನಯಂತ್ರದ ಯೋಜನೆಗೆ ಈ ಪಟ್ಟಿಗಳನ್ನೇ ಆರಿಸಿಕೊಂಡನು. ರಂಧ್ರವಿರುವ ಪಟ್ಟಿಗಳನ್ನು ಬಳಸಿ ಹಾಲೆರಿತ್‌ನ ಯಂತ್ರಗಳು ಅಮೆರಿಕದ ೧೮೯೦ರ ಜನಗಣತಿಯನ್ನು ಎಣಿಸಿದವು. ಇಂದಿನ ಗಣಕದ ಒಂದು–ಸೊನ್ನೆಗಳೂ ಇಂಥ ‘ಹೌದು–ಅಲ್ಲ’ಗಳೇ. ಹಾಸುಹೊಕ್ಕಿನ ಲೆಕ್ಕವನ್ನು ಬಲ್ಲ ಮನೆಯಲ್ಲಿ ಈ ಪಾಠವನ್ನು ಮಗ್ಗದ ಪಕ್ಕದಲ್ಲಿಯೇ ಆರಂಭಿಸಬಹುದು.

ಸಾಧನಗಳಿಗೂ ಅಷ್ಟು ಕೊರತೆಯಿಲ್ಲ. ಲಿಬ್ರೆಆಫೀಸ್ ಉಚಿತವಾಗಿ ದೊರೆಯುತ್ತದೆ. ಮುಂಬಯಿಯ ಐ.ಐ.ಟಿ. ಸಿದ್ಧಪಡಿಸಿದ ‘ಸ್ಪೋಕನ್ ಟ್ಯುಟೋರಿಯಲ್’ ಪಾಠಗಳಲ್ಲಿ ಕನ್ನಡದವೂ ಇವೆ. ಅವು ಸ್ವಾಧ್ಯಾಯಕ್ಕೆಂದೇ ರಚಿತವಾದವು. ೨೦೧೭ರಲ್ಲಿ ಆರಂಭವಾದ ‘ಸ್ವಯಂ’ ವ್ಯವಸ್ಥೆಯಲ್ಲಿ ಕಾಲೇಜು ಮಟ್ಟದ ಪಾಠಗಳಿವೆ. ೨೦೨೨–೨೩ರಲ್ಲಿ ತೇರ್ಗಡೆಯಾದವರಿಂದ ಮೊದಲಾಗಿ ೨೦೨೪ರ ಜನವರಿಯಲ್ಲಿ ಆರಂಭವಾದ ‘ಯುವನಿಧಿ’ ಯೋಜನೆ ನಿರುದ್ಯೋಗಿ ಪದವೀಧರರಿಗೆ ತಿಂಗಳಿಗೆ ೩,೦೦೦ ರೂಪಾಯಿಯನ್ನೂ ಡಿಪ್ಲೊಮಾ ಪಡೆದವರಿಗೆ ೧,೫೦೦ ರೂಪಾಯಿಯನ್ನೂ ಗೊತ್ತುಮಾಡಿತು. ಆದರೆ ಅದರ ಅವಧಿ ಹೆಚ್ಚೆಂದರೆ ಎರಡು ವರ್ಷ. ಆ ಅವಧಿ ಮುಗಿಯುವುದರೊಳಗೆ ಕೈಗೊಂದು ವಿದ್ಯೆ ಬಾರದಿದ್ದರೆ ಪದವೀಧರನು ಹೊರಟಲ್ಲಿಗೇ ಬಂದು ನಿಲ್ಲುವನು.

ಹಾಗಾದರೆ ಕೊರತೆ ಎಲ್ಲಿದೆ? ಕೀಲಿಮಣೆಯುಳ್ಳ ಯಂತ್ರದಲ್ಲಿ, ಮತ್ತು ತಪ್ಪನ್ನು ತೋರಿಸಿಕೊಡುವ ಗುರುವಿನಲ್ಲಿ. ಚಳ್ಳಕೆರೆ ತಾಲ್ಲೂಕಿನಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯ ಎರಡನೆಯ ಆವರಣವಿದೆ. ಅಲ್ಲಿ ವಿಜ್ಞಾನದ ಅಧ್ಯಾಪಕರಿಗೆ ತರಬೇತಿ ನಡೆಯುತ್ತ ಬಂದಿದೆ. ೨೦೧೭ರಲ್ಲಿ ರಕ್ಷಣಾ ಸಂಶೋಧನೆಯ ವಿಮಾನ ಪರೀಕ್ಷಾ ಕ್ಷೇತ್ರವೂ ಆರಂಭವಾಯಿತು. ಆದರೆ ಮಹಾಸಂಸ್ಥೆಗಳ ಸಾಮೀಪ್ಯ ಮಾತ್ರದಿಂದ ನೆರೆಯ ಹಳ್ಳಿಯ ಪದವೀಧರನಿಗೆ ಕೌಶಲ ಬರುವುದಿಲ್ಲ. ಅವನಿಗೆ ಹತ್ತಿರವಾದುದು ಅವನು ಓದಿದ ಕಾಲೇಜೇ. ಪದವಿಯ ದಿನವೇ ಅದರ ಗಣಕಶಾಲೆಯ ಬಾಗಿಲು ಅವನಿಗೆ ಮುಚ್ಚಿಹೋಗಬೇಕೆ? ತರಗತಿಗಳು ಮುಗಿದ ಮೇಲೆಯೂ ರಜೆಯ ದಿನಗಳಲ್ಲಿಯೂ ಹಳೆಯ ವಿದ್ಯಾರ್ಥಿಗಳಿಗೆ ಎರಡು ಗಂಟೆಯ ಕಾಲ ಅವಕಾಶವಿತ್ತು, ವಾರಕ್ಕೊಮ್ಮೆ ಅಧ್ಯಾಪಕರೊಬ್ಬರು ಅವರ ಅಭ್ಯಾಸವನ್ನು ನೋಡಿ ತಿದ್ದುವ ವ್ಯವಸ್ಥೆ ಮಾಡಿದರೆ, ಹೆಚ್ಚಿನ ವೆಚ್ಚವಿಲ್ಲದೆಯೇ ಬಹಳ ಉಪಕಾರವಾದೀತು. ಇದರಿಂದಲೇ ಎಲ್ಲರಿಗೂ ಉದ್ಯೋಗ ದೊರೆಯುವುದೆಂದು ಹೇಳಲಾಗದು. ಉದ್ಯೋಗಗಳ ಸೃಷ್ಟಿ ಬೇರೆಯ ಪ್ರಶ್ನೆ. ಆದರೂ ಮನೆಗೆ ಮರಳಿದ ಪದವೀಧರರು ತಮ್ಮ ವಿದ್ಯೆ ವ್ಯರ್ಥವಾಯಿತೆಂದು ಕೈಚೆಲ್ಲಿ ಕುಳಿತುಕೊಳ್ಳದಂತೆ ನೋಡಿಕೊಳ್ಳುವುದು ಕಾಲೇಜುಗಳಿಂದ ಸಾಧ್ಯವಾದ ಕಾರ್ಯ.