ಶಸ್ತ್ರಚಿಕಿತ್ಸೆಯ ಅನಂತರ ಮನೆಯ ಬೆಕ್ಕುಗಳ ಹೊಂದಾಣಿಕೆ

ಹುಬ್ಬಳ್ಳಿ-ಧಾರವಾಡ ಭಾಗದ ಹಂಚಿನ ಮನೆಗಳಿಗೆ ಬೆಕ್ಕು ಹೊಸಬನಲ್ಲ. ಜೋಳ, ಗೋದಿ, ಶೇಂಗಾ ಚೀಲಗಳಿಗೆ ಇಲಿ-ಹೆಗ್ಗಣಗಳ ಕಾಟವಿದ್ದ ಕಾಲದಲ್ಲಿ ಅದೇ ಕಾವಲುಗಾರ. ಕಾಳಿನ ಚೀಲಗಳು ಇಂದು ಕಡಿಮೆಯಾದರೂ ಬೆಕ್ಕು ಪಡಸಾಲೆಯಲ್ಲಿ ಉಳಿದುಕೊಂಡಿದೆ.

ಹೆಣ್ಣು ಬೆಕ್ಕು ಐದಾರು ತಿಂಗಳಲ್ಲಿಯೇ ಪ್ರಾಯಕ್ಕೆ ಬರುತ್ತದೆ. ಗರ್ಭಾವಧಿ ಸುಮಾರು 65 ದಿನ. ಒಂದು ಸೂಲಿಗೆ ಸಾಮಾನ್ಯವಾಗಿ 3ರಿಂದ 5 ಮರಿ. ವರ್ಷಕ್ಕೆ ಎರಡು ಮೂರು ಸೂಲು ಆಗುವುದುಂಟು. ಇಷ್ಟು ಮರಿಗಳನ್ನು ಸಾಕಲಾರದೆ ಗೋಣಿಚೀಲದಲ್ಲಿ ಕಟ್ಟಿ ಊರಾಚೆ ಬಿಟ್ಟು ಬರುವವರಿದ್ದಾರೆ. ಸಂತಾನಹರಣ ಶಸ್ತ್ರಚಿಕಿತ್ಸೆ ದೋಷವಲ್ಲವೇ ಎಂದು ಹಿರಿಯರು ಕೇಳುವುದುಂಟು. ಹುಟ್ಟಿದ ಜೀವವನ್ನು ಬೀದಿಪಾಲು ಮಾಡುವುದಕ್ಕಿಂತ ಹುಟ್ಟನ್ನು ಮಿತಗೊಳಿಸುವುದೇ ದಯೆಗೆ ಹತ್ತಿರವೆಂದು ನಾವು ಭಾವಿಸುತ್ತೇವೆ.

ಆದರೆ ಎರಡು ಬೆಕ್ಕುಗಳಿರುವ ಮನೆಯಲ್ಲಿ ಆಮೇಲೆ ಒಂದು ಅನಿರೀಕ್ಷಿತ ತೊಡಕು ಎದುರಾಗಬಹುದು. ನಿನ್ನೆಯವರೆಗೆ ಒಂದೇ ಚಾಪೆಯ ಮೇಲೆ ಮಲಗುತ್ತಿದ್ದ ಬೆಕ್ಕು, ಆಸ್ಪತ್ರೆಯಿಂದ ಮರಳಿದ ಸಂಗಾತಿಯನ್ನು ಕಂಡು ಬುಸುಗುಟ್ಟುತ್ತದೆ, ಪಂಜೆತ್ತುತ್ತದೆ. “ಆಪರೇಶನ್ನಿನಿಂದ ಸ್ವಭಾವವೇ ಕೆಟ್ಟಿತು” ಎಂದು ಮನೆಯವರು ತಿಳಿದು, ಒಂದನ್ನು ಹೊರಹಾಕಲು ಮುಂದಾಗುತ್ತಾರೆ. ಈ ತೀರ್ಮಾನ ಅವಸರದ್ದು.

ಮನುಷ್ಯರು ಮುಖ ನೋಡಿ ಗುರುತಿಸಿದರೆ ಬೆಕ್ಕು ಮುಖ್ಯವಾಗಿ ವಾಸನೆಯಿಂದ ಗುರುತಿಸುತ್ತದೆ. ಒಟ್ಟಿಗಿರುವ ಬೆಕ್ಕುಗಳು ಮೈ ಉಜ್ಜಿ, ನೆಕ್ಕಿ ಒಂದು ಸಮಾನ ವಾಸನೆಯನ್ನು ಹಂಚಿಕೊಂಡಿರುತ್ತವೆ. ಅರಿವಳಿಕೆ, ಔಷಧಿ, ಅಪರಿಚಿತ ಪ್ರಾಣಿಗಳ ವಾಸನೆ ಹೊತ್ತು ಬಂದದ್ದು ಅದರ ಪಾಲಿಗೆ ಪರಕೀಯ. ಕಣ್ಣು ಹೌದೆಂದರೂ ಮೂಗು ಒಪ್ಪುವುದಿಲ್ಲ.

ಆದುದರಿಂದ ಮರಳಿದ ಬೆಕ್ಕನ್ನು ನೇರವಾಗಿ ಇನ್ನೊಂದರ ಮುಂದೆ ಬಿಡಬಾರದು. ಶಾಂತವಾದ ಬೇರೆ ಕೋಣೆಯಲ್ಲಿ ಇರಿಸಬೇಕು. ಅರಿವಳಿಕೆಯ ಮಂಪರು ಇಳಿಯುವವರೆಗೆ ಅದು ತೂರಾಡುತ್ತದೆ. ಅಂಥ ಸ್ಥಿತಿಯಲ್ಲಿ ಜಗಳ ಅಪಾಯಕರ. ಹೆಣ್ಣು ಬೆಕ್ಕಿನ ಹೊಲಿಗೆ ಮಾಯಲು 10ರಿಂದ 14 ದಿನ ಬೇಕು. ಅಲ್ಲಿಯವರೆಗೆ ಅಟ್ಟ ಹತ್ತುವುದು, ಗಾಯ ನೆಕ್ಕುವುದು ಕೂಡದು. ಗಾಯಕ್ಕೆ ಅರಿಶಿನ-ಎಣ್ಣೆ ಬಳಿಯಬೇಡಿರಿ. ಅದನ್ನು ನೆಕ್ಕಲೆಂದೇ ಬೆಕ್ಕು ಹೊಲಿಗೆ ಕೆದಕುತ್ತದೆ. ನೋವೆಂದು ಮನೆಯಲ್ಲಿರುವ ಪ್ಯಾರಾಸಿಟಮಾಲ್ ಗುಳಿಗೆಯನ್ನಂತೂ ಕೊಡಲೇಬಾರದು. ಬೆಕ್ಕಿಗೆ ಅದು ಪ್ರಾಣಾಂತಿಕ ವಿಷ.

ಈ ನಡುವೆ ಒಂದು ಬೆಕ್ಕು ಮಲಗಿದ ಬಟ್ಟೆಯನ್ನು ಇನ್ನೊಂದರ ಬಳಿ ಹಾಸಿರಿ. ಎರಡಕ್ಕೂ ಮುಚ್ಚಿದ ಬಾಗಿಲಿನ ಆಚೆ ಈಚೆ ಊಟವಿಡಿರಿ. ಇನ್ನೊಂದರ ವಾಸನೆ ಬಂದಾಗ ಊಟ ಸಿಗುತ್ತದೆಂಬ ನೆಂಟು ಬೆಳೆಯುತ್ತದೆ. ಬುಸುಗುಟ್ಟುವುದು ನಿಂತ ಮೇಲೆ ಬಾಗಿಲನ್ನು ತುಸು ತೆರೆದು ಕೆಲವು ನಿಮಿಷ ನೋಡಗೊಡಬೇಕು. ದಿನದಿನಕ್ಕೆ ಅವಧಿ ಹೆಚ್ಚಿಸಬೇಕು. ಒಂದನ್ನು ಎತ್ತಿ ಇನ್ನೊಂದರ ಮುಖಕ್ಕೆ ಹಿಡಿಯುವುದಾಗಲಿ, ಹೊಡೆಯುವುದಾಗಲಿ ವೈರವನ್ನು ಬಲಿಸುತ್ತದೆ. ಕಾದಾಟ ನಡೆದರೆ ಕೈ ಹಾಕದೆ, ನಡುವೆ ರಟ್ಟಿನ ಹಲಗೆ ಇಳಿಸಿ ಬೇರ್ಪಡಿಸಿರಿ.

ಗಂಡು ಬೆಕ್ಕಿನ ವಿಷಯದಲ್ಲಿ ಇನ್ನೊಂದು ಎಚ್ಚರ ಅಗತ್ಯ. ಬೀಜ ತೆಗೆಸಿದೊಡನೆ ಹಳೆಯ ಚಾಳಿ ಮಾಯವಾಗದು. ಗೋಡೆಗೆ ಮೂತ್ರ ಸಿಂಪಡಿಸುವುದು, ಪರಗಂಡಿನೊಡನೆ ಕಾದಾಡುವುದು ಬಹುಪಾಲು ಬೆಕ್ಕುಗಳಲ್ಲಿ ಕ್ರಮೇಣ ತಗ್ಗುತ್ತದೆ. ಅದಕ್ಕೆ ವಾರಗಳೇ ಹಿಡಿಯಬಹುದು. ಮೊದಲ ಕೆಲವು ವಾರ ಅದಕ್ಕೆ ಗರ್ಭ ಕಟ್ಟಿಸುವ ಶಕ್ತಿಯೂ ಉಳಿದಿರಬಹುದು. ಶಸ್ತ್ರಚಿಕಿತ್ಸೆಯಾಗದ ಹೆಣ್ಣಿನಿಂದ ದೂರವಿಡಿರಿ.

ಮನೆಯ ವ್ಯವಸ್ಥೆಯೂ ಶಾಂತಿಗೆ ನೆರವಾಗಬೇಕು. ತಟ್ಟೆ, ನೀರಿನ ಬಟ್ಟಲು ಬೇರೆ ಬೇರೆ ಮೂಲೆಗಳಲ್ಲಿರಲಿ. ಎರಡು ಬೆಕ್ಕುಗಳಿದ್ದರೆ ಮಲವಿಸರ್ಜನೆಗೆ ಮರಳಿನ ತಟ್ಟೆ ಮೂರಿರಲಿ. ಒಂದಕ್ಕೊಂದು ಎದುರಾಗದೆ ಹೋಗಲು ಎತ್ತರದ ಕಪಾಟು, ಅಟ್ಟದ ಅಂಚು ಉಪಯುಕ್ತ. ಶಸ್ತ್ರಚಿಕಿತ್ಸೆಯ ಬಳಿಕ ಹಸಿವು ಹೆಚ್ಚಿ ಶಕ್ತಿಯ ಅಗತ್ಯ ತಗ್ಗುವುದರಿಂದ, ಬಲಿಷ್ಠ ಬೆಕ್ಕು ಎರಡರ ಪಾಲನ್ನೂ ತಿಂದು ಬೊಜ್ಜು ಬೆಳೆಸೀತು, ಅಳತೆಯಿಟ್ಟು ಬಡಿಸಿರಿ.

ಗಾಯದಲ್ಲಿ ಕೀವು, ರಕ್ತ, ಊತ ಕಂಡರೆ, ಬೆಕ್ಕು ಒಂದು ದಿನ ಆಹಾರ ಮುಟ್ಟದಿದ್ದರೆ, ಜಗಳ ವಾರಗಳಾದರೂ ತಗ್ಗದಿದ್ದರೆ ಪಶುವೈದ್ಯರನ್ನು ಕಾಣಬೇಕು. ಒಮ್ಮೆಲೇ ಹುಟ್ಟಿದ ಸಿಟ್ಟಿನ ಹಿಂದೆ ನೋವು ಅಡಗಿರುವುದುಂಟು. ಹಸಿವು-ನೀರಡಿಕೆಯಿಂದ ನರಳುವಂತೆ ಪ್ರಾಣಿಯನ್ನು ತ್ಯಜಿಸುವುದು 1960ರ ಪ್ರಾಣಿಹಿಂಸೆ ತಡೆ ಕಾಯ್ದೆಯನ್ವಯ ಅಪರಾಧ. ಕಾಯ್ದೆಯ ಮಾತು ಹಾಗಿರಲಿ. ನಮ್ಮನ್ನೇ ನಂಬಿದ ಮೂಕಜೀವಕ್ಕೆ ಕೆಲವು ವಾರಗಳ ತಾಳ್ಮೆ ತೋರಿಸುವುದು ಗೃಹಸ್ಥನಿಗೆ ಭಾರವೆನಿಸಬಾರದು.