ವಿಮಾನದಲ್ಲಿ ಅಲಂಕಾರಿಕ ಮೀನುಗಳ ಸಾಗಣೆ: ಪ್ಯಾಕಿಂಗ್ ಹಾಗೂ ಜೋಡಣೆಯ ಕ್ರಮ

ಅಲಂಕಾರಿಕ ಮೀನು ಸಾಕಣೆಯು ಮನೆಯ ಹಿತ್ತಿಲಿನ ಸಿಮೆಂಟ್ ತೊಟ್ಟಿಗಳಲ್ಲಿಯೂ ಕೈಗೊಳ್ಳಬಹುದಾದ ಉಪಕಸುಬು. ಗಪ್ಪಿ, ಮೋಲಿ, ಗೋಲ್ಡ್ ಫಿಶ್, ಏಂಜೆಲ್, ಫೈಟರ್ ಮುಂತಾದ ಮೀನುಗಳ ಉತ್ತಮ ತಳಿಗಳನ್ನು ನಮ್ಮ ಸಾಕಣೆದಾರರು ಕೋಲ್ಕತ್ತ, ಚೆನ್ನೈ, ಮುಂಬೈಗಳಿಂದ ತರಿಸಿಕೊಳ್ಳುವುದುಂಟು. ತಾವು ಬೆಳೆಸಿದ ಮರಿಗಳನ್ನು ಹೊರ ರಾಜ್ಯಗಳಿಗೆ ಕಳುಹಿಸುವುದೂ ಉಂಟು. ದೂರದ ಊರುಗಳಿಗೆ ವಿಮಾನವೇ ಸೂಕ್ತ ಸಾಧನ. ಆದರೆ ದುಬಾರಿ ಬಾಡಿಗೆ ತೆತ್ತು ತರಿಸಿದ ಪೆಟ್ಟಿಗೆಯನ್ನು ತೆರೆದಾಗ ಮೀನುಗಳು ಬೆನ್ನಡಿಯಾಗಿ ತೇಲುತ್ತಿದ್ದರೆ ನಷ್ಟವು ಬಾಡಿಗೆಯೊಂದಕ್ಕೆ ನಿಲ್ಲುವುದಿಲ್ಲ. ಒಂದು ಹಂಗಾಮಿನ ತಳಿ ಸಂವರ್ಧನೆಯೇ ಕೈತಪ್ಪುತ್ತದೆ. ಇಂತಹ ಸಾವುಗಳಲ್ಲಿ ಹೆಚ್ಚಿನವು ಹಾರಾಟದಿಂದ ಆಗುವುದಿಲ್ಲ. ಪ್ಯಾಕಿಂಗ್ ಮಾಡುವಾಗ ಸಮಯವನ್ನು ತಪ್ಪಾಗಿ ಅಂದಾಜಿಸುವುದರಿಂದ ಆಗುತ್ತವೆ.

ಸಮಯದ ಲೆಕ್ಕ

ಕೋಲ್ಕತ್ತದಿಂದ ಬೆಂಗಳೂರಿಗೆ ನೇರ ವಿಮಾನದ ಹಾರಾಟ ಸುಮಾರು ಎರಡೂವರೆ ಗಂಟೆ. ಮೀನಿನ ಪಾಲಿಗೆ ಪ್ರಯಾಣ ಆರಂಭವಾಗುವುದು ವಿಮಾನ ಏರಿದಾಗಲ್ಲ, ಚೀಲದ ಬಾಯಿ ಕಟ್ಟಿದ ಕ್ಷಣದಿಂದ. ಫಾರ್ಮಿನಿಂದ ವಿಮಾನ ನಿಲ್ದಾಣಕ್ಕೆ ಎರಡು ಗಂಟೆ, ಸರಕು ವಿಭಾಗದಲ್ಲಿ ತಪಾಸಣೆ ಮತ್ತು ಕಾಯುವಿಕೆಗೆ ನಾಲ್ಕು ಗಂಟೆ, ಹಾರಾಟ ಎರಡೂವರೆ ಗಂಟೆ, ಬೆಂಗಳೂರಿನಲ್ಲಿ ಪೆಟ್ಟಿಗೆ ಬಿಡಿಸಿಕೊಳ್ಳಲು ಎರಡು ಗಂಟೆ, ಅಲ್ಲಿಂದ ಶಿವಮೊಗ್ಗದ ಕಡೆಯ ಹಳ್ಳಿಗೆ ರಸ್ತೆಯಲ್ಲಿ ಏಳು ಗಂಟೆ ಎಂದು ಹಿಡಿದರೆ ಒಟ್ಟು ಹದಿನೇಳೂವರೆ ಗಂಟೆಗಳಾದವು. ವಿಮಾನ ತಡವಾದರೆ ಇನ್ನೂ ಹೆಚ್ಚು. ಆದುದರಿಂದ ಇಂತಹ ಪ್ರಯಾಣಕ್ಕೆ ಕನಿಷ್ಠ 24 ಗಂಟೆಗಳ ಕಾಲ ಮೀನು ಬದುಕುವಂತೆ ಪ್ಯಾಕ್ ಮಾಡಬೇಕು. ತರಿಸಿಕೊಳ್ಳುವವರು ನೀವಾಗಿದ್ದರೆ, ಬೇಡಿಕೆ ಸಲ್ಲಿಸುವಾಗಲೇ ನಿಮ್ಮ ತೊಟ್ಟಿಯವರೆಗಿನ ಒಟ್ಟು ಗಂಟೆಗಳನ್ನು ಮಾರಾಟಗಾರರಿಗೆ ತಿಳಿಸಿ. ಅವರಿಗೆ ವಿಮಾನದ ವೇಳೆ ಗೊತ್ತಿರುತ್ತದೆ, ನಿಮ್ಮ ಊರಿನ ದಾರಿ ಗೊತ್ತಿರುವುದಿಲ್ಲ.

ಚೀಲದೊಳಗೆ ನಡೆಯುವುದೇನು

ಆಮ್ಲಜನಕ ಹೆಚ್ಚು ತುಂಬಿದಷ್ಟೂ ಮೀನು ಸುರಕ್ಷಿತ ಎಂಬ ಭಾವನೆ ಸಾಮಾನ್ಯವಾಗಿದೆ. ಸರಿಯಾಗಿ ತುಂಬಿದ ಚೀಲದಲ್ಲಿ ಆಮ್ಲಜನಕವು ಬೇಗನೆ ಮುಗಿಯುವುದಿಲ್ಲ. ನೀರನ್ನು ಕೆಡಿಸುವುದು ಮೀನಿನ ಉಸಿರಿನಿಂದ ಬರುವ ಇಂಗಾಲದ ಡೈಆಕ್ಸೈಡ್ ಹಾಗೂ ಕಿವಿರು ಮತ್ತು ಮಲದಿಂದ ಬರುವ ಅಮೋನಿಯಾ. ಇವೆರಡಕ್ಕೂ ಒಂದು ವಿಚಿತ್ರ ಸಂಬಂಧವಿದೆ. ಇಂಗಾಲದ ಡೈಆಕ್ಸೈಡ್ ಹೆಚ್ಚಿದಂತೆ ನೀರಿನ ರಸಸಾರ ಇಳಿಯುತ್ತದೆ. ರಸಸಾರ ಇಳಿದಾಗ ಅಮೋನಿಯಾದ ಬಹುಪಾಲು ಕಡಿಮೆ ವಿಷಕಾರಿಯಾದ ರೂಪದಲ್ಲಿ ಉಳಿಯುತ್ತದೆ. ಚೀಲ ತೆರೆದ ಕೂಡಲೇ ಆ ಅನಿಲ ಹೊರಹೋಗಿ ರಸಸಾರ ಏರುತ್ತದೆ, ಅಮೋನಿಯಾ ವಿಷವಾಗಿ ಪರಿಣಮಿಸುತ್ತದೆ. ದಾರಿಯುದ್ದಕ್ಕೂ ಬದುಕಿದ್ದ ಮೀನು ಮನೆಗೆ ಬಂದ ಅರ್ಧ ಗಂಟೆಯಲ್ಲಿ ಸಾಯುವುದಕ್ಕೆ ಬಹುತೇಕ ಇದೇ ಕಾರಣ. ಪ್ಯಾಕಿಂಗ್‌ನ ಪ್ರತಿಯೊಂದು ಹಂತದ ಉದ್ದೇಶವೂ ಚೀಲದಲ್ಲಿ ಸೇರುವ ಈ ತ್ಯಾಜ್ಯವನ್ನು ಕಡಿಮೆ ಮಾಡುವುದೇ ಆಗಿದೆ.

ಉಪವಾಸ ಮತ್ತು ವಿಂಗಡಣೆ

ಪ್ಯಾಕ್ ಮಾಡುವ ಮುನ್ನ ಸಣ್ಣ ಮೀನುಗಳಿಗೆ ಒಂದು ದಿನ, ಗೋಲ್ಡ್ ಫಿಶ್‌ನಂತಹ ಹೆಚ್ಚು ಮಲ ವಿಸರ್ಜಿಸುವ ಮೀನುಗಳಿಗೆ ಎರಡು ದಿನ ಆಹಾರ ನಿಲ್ಲಿಸಿ, ಶುದ್ಧ ನೀರಿನ ತೊಟ್ಟಿಯಲ್ಲಿ ಇರಿಸಬೇಕು. ತೂಕ ಇಳಿಯುತ್ತದೆ ಎಂದು ಕೆಲವರು ಇದಕ್ಕೆ ಹಿಂಜರಿಯುತ್ತಾರೆ. ಅಲಂಕಾರಿಕ ಮೀನನ್ನು ಎಣಿಕೆಯಲ್ಲಿ ಮಾರುವುದರಿಂದ ಆ ಚಿಂತೆಗೆ ಕಾರಣವಿಲ್ಲ.

ಈ ಅವಧಿಯಲ್ಲಿಯೇ ಗಾಯಗೊಂಡ, ರೆಕ್ಕೆ ಕೊಳೆತ, ನಿಧಾನವಾಗಿ ಈಜುವ ಮೀನುಗಳನ್ನು ಬೇರ್ಪಡಿಸಿ. ಒಂದು ಚೀಲಕ್ಕೆ ಒಂದೇ ಜಾತಿ, ಒಂದೇ ಗಾತ್ರದ ಮೀನುಗಳಿರಲಿ. ಒಂದು ಸತ್ತ ಮೀನು ಇಡೀ ಚೀಲದ ನೀರನ್ನು ಕೆಡಿಸಬಲ್ಲದು. ಮರಿ ಹಾಕುವ ದಿನ ಸಮೀಪಿಸಿದ ಗಪ್ಪಿ, ಮೋಲಿಗಳನ್ನು ಕಳುಹಿಸಬೇಡಿ. ಒತ್ತಡದಿಂದ ದಾರಿಯಲ್ಲಿಯೇ ಅಕಾಲಿಕವಾಗಿ ಮರಿ ಹಾಕುತ್ತವೆ. ಗಂಡು ಫೈಟರ್ ಮೀನುಗಳನ್ನು ಒಂದೊಂದಾಗಿಯೇ ಪ್ಯಾಕ್ ಮಾಡಬೇಕು. ಅವು ಮೇಲ್ಮೈಯ ಗಾಳಿಯನ್ನೂ ಉಸಿರಾಡಬಲ್ಲವಾದ್ದರಿಂದ ಸಣ್ಣ ಚೀಲದಲ್ಲಿ ಸ್ವಲ್ಪ ನೀರು ಸಾಕಾಗುತ್ತದೆ.

ಚೀಲ ತುಂಬುವ ಕ್ರಮ

ನಮ್ಮಲ್ಲಿ ಮೀನುಮರಿ ಸಾಗಣೆಗೆ ಬಳಕೆಯಲ್ಲಿರುವ 74 × 46 ಸೆಂ.ಮೀ. ಅಳತೆಯ ಪಾಲಿಥೀನ್ ಚೀಲ ಸುಮಾರು 16 ರಿಂದ 18 ಲೀಟರ್ ಹಿಡಿಯುತ್ತದೆ. ಚೀಲಕ್ಕೆ ಗಾಳಿ ತುಂಬಿ, ನೀರಿನಲ್ಲಿ ಅದುಮಿ, ಗುಳ್ಳೆ ಬರುವುದೇ ಎಂದು ಪರೀಕ್ಷಿಸಿ. ಒಂದರೊಳಗೊಂದು ಎರಡು ಚೀಲಗಳನ್ನು ಇರಿಸಿ ನಡುವೆ ಹಳೆಯ ದಿನಪತ್ರಿಕೆ ಹಾಕಬೇಕು. ಮುಳ್ಳಿರುವ ಬೆಕ್ಕುಮೀನು ಜಾತಿಗಳಿಗೆ ಇದು ಕಡ್ಡಾಯ. ತಳದ ಎರಡು ಮೂಲೆಗಳನ್ನು ಮಡಿಚಿ ರಬ್ಬರ್ ಬ್ಯಾಂಡ್ ಬಿಗಿದರೆ ಸಣ್ಣ ಮೀನುಗಳು ಮೂಲೆಯಲ್ಲಿ ಸಿಕ್ಕಿ ನಜ್ಜುಗುಜ್ಜಾಗುವುದಿಲ್ಲ. ಇದು ಎರಡು ನಿಮಿಷದ ಕೆಲಸ, ಆದರೂ ಬಿಟ್ಟುಹೋಗುವುದು ಹೆಚ್ಚಾಗಿ ಇದೇ.

ಚೀಲದ ಮೂರನೆಯ ಒಂದು ಭಾಗದಷ್ಟು, ಅಂದರೆ 5 ರಿಂದ 6 ಲೀಟರ್ ನೀರು ತುಂಬಿ. ಉಪವಾಸದ ತೊಟ್ಟಿಯ ನೀರಿನ ಗುಣವನ್ನೇ ಹೋಲುವ, ಕ್ಲೋರಿನ್ ಇಲ್ಲದ ಹೊಸ ನೀರಾಗಿರಬೇಕು. ಲೀಟರಿಗೆ 1 ರಿಂದ 2 ಗ್ರಾಂ ಕಲ್ಲುಪ್ಪು ಸೇರಿಸುವುದರಿಂದ ಒತ್ತಡ ಕಡಿಮೆಯಾಗುತ್ತದೆ. ಅಮೋನಿಯಾ ಹೀರಲು ಜಿಯೋಲೈಟ್ ಬಳಸುವವರು ಉಪ್ಪು ಹಾಕಬಾರದು. ಉಪ್ಪು ಜಿಯೋಲೈಟ್‌ನ ಹೀರುವ ಶಕ್ತಿಯನ್ನು ಕುಗ್ಗಿಸುತ್ತದೆ. ಮೀನು ಬಿಟ್ಟ ನಂತರ ಚೀಲದ ಗಾಳಿಯನ್ನು ಪೂರ್ತಿಯಾಗಿ ಹೊರಗೊತ್ತಿ, ಸಿಲಿಂಡರಿನ ಕೊಳವೆಯನ್ನು ನೀರಿನೊಳಗೆ ಇಳಿಸಿ ಆಮ್ಲಜನಕ ಬಿಡಿ. ಬಾಯಿಯನ್ನು ತಿರುಚಿ, ಮಡಿಚಿ, ಎರಡು ರಬ್ಬರ್ ಬ್ಯಾಂಡ್‌ಗಳಿಂದ ಬಿಗಿಯಿರಿ.

ಎಷ್ಟು ಮೀನು ಹಾಕಬೇಕೆಂಬುದಕ್ಕೆ ಎಲ್ಲರಿಗೂ ಒಪ್ಪುವ ಒಂದೇ ಸಂಖ್ಯೆ ಕೊಡುವುದು ಸರಿಯಲ್ಲ. ಜಾತಿ, ಗಾತ್ರ, ಉಷ್ಣಾಂಶಗಳಿಗೆ ತಕ್ಕಂತೆ ಅದು ಬದಲಾಗುತ್ತದೆ. ಸಮಾನ ತೂಕದಲ್ಲಿ ದೊಡ್ಡ ಮೀನುಗಳಿಗಿಂತ ಸಣ್ಣ ಮೀನುಗಳು ಹೆಚ್ಚು ಆಮ್ಲಜನಕ ಬಳಸುತ್ತವೆ. ಪರೀಕ್ಷಾ ಚೀಲವೇ ಉತ್ತಮ ಮಾರ್ಗ. ಮೂರು ಚೀಲಗಳಲ್ಲಿ ಬೇರೆ ಬೇರೆ ಸಂಖ್ಯೆಯ ಮೀನುಗಳನ್ನು ತುಂಬಿ, ಪೆಟ್ಟಿಗೆಯಲ್ಲಿ ಮುಚ್ಚಿ, ನಿಮ್ಮ ಪ್ರಯಾಣದ ಲೆಕ್ಕಕ್ಕಿಂತ ಆರು ಗಂಟೆ ಹೆಚ್ಚು ಕಾಲ ಮನೆಯಲ್ಲಿಯೇ ಇರಿಸಿ ನೋಡಿ. ಒಂದೂ ಸಾಯದ ಚೀಲದ ಸಂಖ್ಯೆಯನ್ನು ದಾಖಲಿಸಿಕೊಂಡು ಅದನ್ನೇ ಪಾಲಿಸಿ. ವಿಸ್ತರಣಾ ಕಾರ್ಯಕರ್ತರು ಈ ಪ್ರಯೋಗವನ್ನು ಪ್ರಾತ್ಯಕ್ಷಿಕೆಯಾಗಿ ಏರ್ಪಡಿಸಬಹುದು.

ವಿಮಾನಕ್ಕೆ ಬೇಕಾದ ವಿಶೇಷ ಎಚ್ಚರಿಕೆ

ರಸ್ತೆ ಸಾಗಣೆಗೆ ಚೀಲವನ್ನು ಬಿಗಿಯಾಗಿ ತುಂಬುವುದು ರೂಢಿ. ವಿಮಾನಕ್ಕೆ ಈ ರೂಢಿ ಹೊಂದುವುದಿಲ್ಲ. ಹಾರಾಟದ ವೇಳೆ ವಿಮಾನದೊಳಗಿನ ಗಾಳಿಯ ಒತ್ತಡ ಸಮುದ್ರಮಟ್ಟದಿಂದ ಸುಮಾರು 2,400 ಮೀಟರ್ ಎತ್ತರದಲ್ಲಿ ಇರುವಷ್ಟಕ್ಕೆ ಇಳಿಯಬಹುದು. ನಮ್ಮ ಮುಳ್ಳಯ್ಯನಗಿರಿಯ ಎತ್ತರವೇ 1,930 ಮೀಟರ್. ಈ ಒತ್ತಡದಲ್ಲಿ ಚೀಲದ ಅನಿಲವು ಸಮುದ್ರಮಟ್ಟದಲ್ಲಿ ಇದ್ದುದಕ್ಕಿಂತ ಮೂರನೆಯ ಒಂದು ಭಾಗದಷ್ಟು ಹಿಗ್ಗಲು ಯತ್ನಿಸುತ್ತದೆ. ಕಟ್ಟು ಬಿಗಿಯಾಗಿದ್ದು ಚೀಲ ತಮಟೆಯಂತೆ ಉಬ್ಬಿದ್ದರೆ ಹೊಲಿಗೆ ಬಿಟ್ಟುಕೊಳ್ಳುತ್ತದೆ. ಬೆರಳಿನಿಂದ ಒತ್ತಿದಾಗ ಸುಲಭವಾಗಿ ತಗ್ಗುವಷ್ಟು ಸಡಿಲವಾಗಿ ತುಂಬಿ. ಇದರಿಂದ ಕಡಿಮೆಯಾದ ಆಮ್ಲಜನಕವನ್ನು ಮೀನಿನ ಸಂಖ್ಯೆ ತಗ್ಗಿಸಿ ಸರಿದೂಗಿಸಬೇಕು. ಪರೀಕ್ಷಾ ಚೀಲಗಳನ್ನೂ ಇಷ್ಟೇ ಸಡಿಲವಾಗಿ ತುಂಬಿರಬೇಕು.

ಚೀಲಗಳನ್ನು ಮುಚ್ಚಳವಿರುವ ಥರ್ಮಾಕೋಲ್ ಪೆಟ್ಟಿಗೆಯಲ್ಲಿ ಇರಿಸಿ, ಅದನ್ನು ರಟ್ಟಿನ ಪೆಟ್ಟಿಗೆಯೊಳಗೆ ಸೇರಿಸಬೇಕು. ಬೇಸಿಗೆಯಲ್ಲಿ ಮಂಜುಗಡ್ಡೆಯನ್ನು ಸೋರದ ಪೊಟ್ಟಣದಲ್ಲಿ ಕಟ್ಟಿ, ಪತ್ರಿಕೆಯಲ್ಲಿ ಸುತ್ತಿ, ಮುಚ್ಚಳದ ಕೆಳಗೆ ಅಂಟಿಸಿ, ಚೀಲಕ್ಕೆ ತಾಗದಿರಲಿ. ನೀರು 22 ರಿಂದ 25 ಡಿಗ್ರಿ ಸೆಲ್ಸಿಯಸ್‌ನಲ್ಲಿದ್ದರೆ ಉಸಿರಾಟವೂ ತ್ಯಾಜ್ಯವೂ ಕಡಿಮೆ. ಒಣ ಮಂಜುಗಡ್ಡೆಯನ್ನು ಬಳಸಲೇಬಾರದು; ಅದು ಇಂಗಾಲದ ಡೈಆಕ್ಸೈಡನ್ನೇ ಹೊರಬಿಡುತ್ತದೆ.

ವಿಮಾನ ಸರಕಿನ ಬಾಡಿಗೆಯನ್ನು ತೂಕ ಮತ್ತು ಗಾತ್ರಗಳಲ್ಲಿ ಯಾವುದು ಹೆಚ್ಚೋ ಅದರ ಮೇಲೆ ವಿಧಿಸುತ್ತಾರೆ. ಉದ್ದ, ಅಗಲ, ಎತ್ತರಗಳನ್ನು ಸೆಂಟಿಮೀಟರಿನಲ್ಲಿ ಗುಣಿಸಿ 6,000ದಿಂದ ಭಾಗಿಸುವುದು ಸಾಮಾನ್ಯ ಕ್ರಮ. 60 × 45 × 40 ಸೆಂ.ಮೀ. ಪೆಟ್ಟಿಗೆಗೆ ಇದು 18 ಕಿಲೋ ಆಗುತ್ತದೆ. ಅದರಲ್ಲಿ ಆರು ಲೀಟರ್ ನೀರಿನ ಎರಡೇ ಚೀಲಗಳಿದ್ದರೆ ನಿಜವಾದ ತೂಕ 13 ಕಿಲೋ ಆಸುಪಾಸು. ಉಳಿದ ಹಣ ಖಾಲಿ ಜಾಗದ ಬಾಡಿಗೆ. ಚೀಲಕ್ಕೆ ತಕ್ಕ ಪೆಟ್ಟಿಗೆ ಆರಿಸಿ.

ಪೆಟ್ಟಿಗೆಯ ಮೇಲೆ ‘ಜೀವಂತ ಮೀನು’, ‘ಈ ಬದಿ ಮೇಲೆ’ ಎಂಬ ಚೀಟಿಗಳು, ಚೀಲ ಕಟ್ಟಿದ ದಿನಾಂಕ ಮತ್ತು ವೇಳೆ, ಪಡೆಯುವವರ ದೂರವಾಣಿ ಸಂಖ್ಯೆ ಇರಲಿ. ಒಳಗೆ ಪ್ರತಿ ಚೀಲಕ್ಕೂ ಜಾತಿ ಮತ್ತು ಎಣಿಕೆಯ ಚೀಟಿ ಹಚ್ಚಿ. ಜೀವಂತ ಮೀನು ಸ್ವೀಕರಿಸುವ ವಿಮಾನ, ಬೇಕಾದ ಆರೋಗ್ಯ ಪ್ರಮಾಣಪತ್ರ ಮತ್ತು ಪೆಟ್ಟಿಗೆಯ ನಿಯಮಗಳನ್ನು ಸರಕು ಕಚೇರಿಯಿಂದ ಮೊದಲೇ ಬರವಣಿಗೆಯಲ್ಲಿ ಪಡೆದುಕೊಳ್ಳಿ. ಮೀನು ತುಂಬಿದ ಮೇಲೆ ಕೇಳುವ ಪ್ರಶ್ನೆ ಇದಲ್ಲ.

ತಲುಪಿದ ನಂತರ

ಪೆಟ್ಟಿಗೆಯನ್ನು ಮಂದ ಬೆಳಕಿನಲ್ಲಿ ತೆರೆಯಿರಿ. ಕತ್ತಲೆಯಲ್ಲಿದ್ದ ಮೀನು ಹಠಾತ್ ಬೆಳಕಿಗೆ ಬೆದರುತ್ತದೆ. ಕಟ್ಟು ಬಿಚ್ಚದೆಯೇ ಚೀಲವನ್ನು ತೊಟ್ಟಿಯಲ್ಲಿ 15 ರಿಂದ 20 ನಿಮಿಷ ತೇಲಬಿಡಿ. ಬಿಚ್ಚಿದ ನಂತರ ಕಾಲಹರಣ ಸಲ್ಲದು. ಚೀಲದ ನೀರಿಗೆ ಗಾಳಿ ಯಂತ್ರ ಹಾಕಬೇಡಿ; ಮೇಲೆ ವಿವರಿಸಿದ ಅಮೋನಿಯಾ ವಿಷಕ್ಕೆ ಅದೇ ದಾರಿ. ತೊಟ್ಟಿಯ ನೀರನ್ನು ಕೆಲವು ನಿಮಿಷಗಳಲ್ಲಿ ಎರಡು ಮೂರು ಬಾರಿ ಸೇರಿಸಿ, ಮೀನುಗಳನ್ನು ಮೃದುವಾದ ಬಲೆಯಿಂದ ತೊಟ್ಟಿಗೆ ವರ್ಗಾಯಿಸಿ. ಚೀಲದ ನೀರನ್ನು ತೊಟ್ಟಿಗೆ ಸುರಿಯದೆ ಹೊರಚೆಲ್ಲಬೇಕು.

ಹೊಸ ಮೀನುಗಳನ್ನು ಕನಿಷ್ಠ ಎರಡು ವಾರ ಪ್ರತ್ಯೇಕ ತೊಟ್ಟಿಯಲ್ಲಿರಿಸಿ, ಅದರ ಬಲೆ, ಬಕೆಟ್‌ಗಳನ್ನು ಬೇರೆಡೆ ಬಳಸಬೇಡಿ. ಮೊದಲ ದಿನ ಆಹಾರ ಬೇಡ. ಮರುದಿನ ಅಲ್ಪ ಪ್ರಮಾಣದಲ್ಲಿ ಆರಂಭಿಸಿ. ಸತ್ತ ಮೀನುಗಳಿದ್ದರೆ ಚೀಲವಾರು ಎಣಿಸಿ, ಚೀಟಿಯೊಂದಿಗೆ ಚಿತ್ರ ತೆಗೆದು, ಚೀಲ ಕಟ್ಟಿದ ಮತ್ತು ತೆರೆದ ವೇಳೆಗಳನ್ನು ಬರೆದಿಟ್ಟು, ಅಂದೇ ಮಾರಾಟಗಾರರಿಗೆ ಕಳುಹಿಸಿ.