ಸಂಸೆಯ ಹಿತ್ತಿಲಿಗೆ ಮುಯ್ಯಾಳು ಬೇಕು

ಕಳಸದಿಂದ ಕುದುರೆಮುಖದ ದಾರಿ ಹಿಡಿದ ಬಸ್ಸಿನ ಕಿಟಕಿಯಲ್ಲಿ ಮೊದಲು ಕಾಣುವುದು ಅಡಿಕೆ, ಕಾಫಿ, ಮತ್ತೆ ಅಡಿಕೆ. ಸಂಸೆ ಹತ್ತಿರವಾದಂತೆ ಗುಡ್ಡಗಳ ಮೈಯನ್ನು ಕತ್ತರಿ ಹಿಡಿದು ಸಮ ಮಾಡಿದ ಹಾಗೆ ಚಹಾ ತೋಟ ಎದುರಾಗುತ್ತದೆ. ಫೋಟೋ ತೆಗೆಯುವವರು ಅಲ್ಲಿ ನಿಲ್ಲುತ್ತಾರೆ, ಶಿಖರ ಹತ್ತುವವರು ಜೀಪು ಹಿಡಿದು ಮುಳ್ಳೋಡಿಗೆ ಹೋಗುತ್ತಾರೆ. ಮನೆಗಳ ಹಿಂದುಗಡೆ ಏನಿದೆ ಎಂದು ನೋಡುವವರು ಕಡಿಮೆ. ಊರಿನ ಊಟ ಗೊತ್ತಾಗುವುದು ಮಾತ್ರ ಅಲ್ಲೇ.

ಮೊದಲು ಅಂಗಡಿ ನೋಡಿ. ಟೊಮೆಟೊ, ಎಲೆಕೋಸು, ಆಲೂಗಡ್ಡೆ, ಈರುಳ್ಳಿ: ಎಲ್ಲವೂ ಬಯಲುಸೀಮೆಯಿಂದ ಘಟ್ಟ ಹತ್ತಿ ಬಂದದ್ದು. ಇಷ್ಟು ಮಳೆ, ಇಷ್ಟು ಒಳ್ಳೆಯ ಮಣ್ಣು, ವರ್ಷವಿಡೀ ಹರಿಯುವ ಭದ್ರೆ ಇರುವ ಸೀಮೆಗೆ ತರಕಾರಿ ಲಾರಿಯಲ್ಲಿ ಬರಬೇಕೆ? ಜನ ಸೋಮಾರಿಗಳಾಗಿದ್ದಾರೆ ಎಂದು ತೀರ್ಪು ಕೊಡುವವರು ಪೇಟೆಯಲ್ಲಿ ಬೇಕಾದಷ್ಟಿದ್ದಾರೆ. ಅವರು ಹಿತ್ತಿಲಿಗೆ ಹೋದವರಲ್ಲ.

ಹಿತ್ತಿಲಲ್ಲಿ ಬಸಳೆ ಚಪ್ಪರ, ಬಚ್ಚಲ ನೀರು ಹರಿಯುವಲ್ಲಿ ಕೆಸು, ಬೇಲಿಯ ಮೇಲೆ ತೊಂಡೆ, ಮೂಲೆಯಲ್ಲೊಂದು ಸೂಜಿಮೆಣಸಿನ ಗಿಡ. ಅದರಾಚೆಗೆ ಏನನ್ನು ನೆಟ್ಟರೂ ಯುದ್ಧ. ಮೇಲಿನಿಂದ ಮಂಗ, ಕೆಳಗಿನಿಂದ ಹಂದಿ. ಬಾಳೆ, ಸೀಬೆ, ಹೀರೆಕಾಯಿ, ಬೆಂಡೆ ಮಂಗನ ಪಾಲು. ಗೆಣಸು, ಮರಗೆಣಸು ಹಂದಿಯ ಪಾಲು. ಉಳಿದದ್ದಕ್ಕೆ ಮುಳ್ಳುಹಂದಿ ಕಾದಿರುತ್ತದೆ. ಹಳೆಯ ಸೀರೆ ಸುತ್ತಿದ ಬೇಲಿ, ಕರೆಂಟು ಹರಿಸುವ ಐಬೆಕ್ಸ್ ತಂತಿ, ಗರ್ನಾಲು ಎಲ್ಲವನ್ನೂ ಜನ ಮಾಡಿ ನೋಡಿದ್ದಾರೆ. ಕೊನೆಗೆ ಉಳಿಯುವ ಉಪಾಯ ಒಂದೇ: ಮನುಷ್ಯರೊಬ್ಬರು ಕೂತು ಕಾಯುವುದು. ಗಂಡ ಹೆಂಡತಿ ಇಬ್ಬರೂ ಕೂಲಿಗೋ ತೋಟಕ್ಕೋ ಹೋಗಿ, ಮಕ್ಕಳು ಬೆಂಗಳೂರಿನಲ್ಲಿ ಉಳಿದ ಮನೆಯಲ್ಲಿ ಕಾಯುವವರು ಯಾರು? ಹತ್ತು ಹೀರೆ ಬಳ್ಳಿಗೆ ಒಬ್ಬರ ದಿನವನ್ನು ಒತ್ತೆ ಇಡುವುದಕ್ಕಿಂತ ಅರ್ಧ ಕಿಲೋ ಎಲೆಕೋಸು ತರುವುದು ಅಗ್ಗ.

ಹಿತ್ತಿಲು ಇಳಿದರೆ ಗದ್ದೆ. ಇಳಿದರೆ ಗದ್ದೆ ಇತ್ತು ಎನ್ನುವುದು ಹಲವು ಕಡೆ ಸರಿಯಾದೀತು. ಮಲೆನಾಡಿನ ಗದ್ದೆಕೋಗುಗಳಲ್ಲಿ ಈಗ ಅಡಿಕೆ ಸಸಿ ನಿಂತಿದೆ. ಧಾರಣೆ ಚೆನ್ನಾಗಿದ್ದಾಗ ಯಾರನ್ನೂ ತಪ್ಪೆನ್ನಲಾಗದು. ಆದರೆ ಗದ್ದೆಯೊಂದಿಗೆ ಹೋದದ್ದು ಭತ್ತ ಮಾತ್ರವಲ್ಲ. ಮುಂಗಾರಿನ ಮೊದಲ ನೀರಿಗೆ ತೋಡಿನಿಂದ ಏರಿ ಬರುತ್ತಿದ್ದ ಹತ್ತುಮೀನು, ಗದ್ದೆ ಏಡಿ, ಅಂಚಿನ ಸೊಪ್ಪು, ಕೊಯ್ಲು ಮುಗಿದ ಮೇಲೆ ತೇವದಲ್ಲೇ ಬರುತ್ತಿದ್ದ ಉದ್ದು, ಅಲಸಂದೆ, ಬೇಸಿಗೆಯ ಸೌತೆ, ಕುಂಬಳ ಎಲ್ಲವೂ ಹೋದವು. ಆ ಸೌತೆಕಾಯಿಯನ್ನು ಬಾಳೆನಾರಿನಲ್ಲಿ ಕಟ್ಟಿ ಅಟ್ಟದ ಕೆಳಗೆ ನೇತುಹಾಕಿದರೆ ಮಳೆಗಾಲದ ಹುಳಿಗೆ ಆಗುತ್ತಿತ್ತು. ಈಗ ಕಳಸ, ಸಂಸೆ, ಹೊರನಾಡಿನ ಸುತ್ತ ಎಲೆಚುಕ್ಕಿ ರೋಗ ಅಡಿಕೆ ತೋಟಗಳನ್ನೇ ಒಣಗಿಸುತ್ತಿರುವಾಗ, ಒಂದೇ ಬೆಳೆಗೆ ಅಡುಗೆಮನೆಯನ್ನು ಕಟ್ಟಿಹಾಕಿದ್ದರ ಬಿಸಿ ತಟ್ಟುತ್ತಿದೆ. ಪೇಟೆಯಿಂದ ತರುವ ಊಟ ಧಾರಣೆಯ ಜೊತೆಗೇ ಏರಿ ಇಳಿಯುತ್ತದೆ.

ಊಟದ ವೈವಿಧ್ಯ ಅಳೆಯಲು ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆ ಒಂದು ಸರಳ ಲೆಕ್ಕ ಇಟ್ಟುಕೊಂಡಿದೆ. ಹೆಂಗಸೊಬ್ಬಳು ಹಿಂದಿನ ಹಗಲು ರಾತ್ರಿಯಲ್ಲಿ ಹತ್ತು ಆಹಾರ ಗುಂಪುಗಳ ಪೈಕಿ ಕನಿಷ್ಠ ಐದನ್ನಾದರೂ ತಿಂದಿರಬೇಕು. ಧಾನ್ಯ-ಗೆಡ್ಡೆ, ಬೇಳೆಕಾಳು, ಬೀಜಗಳು, ಹಾಲು, ಮೀನು-ಮಾಂಸ, ಮೊಟ್ಟೆ, ಕಡುಹಸಿರು ಸೊಪ್ಪು, ಕುಂಬಳ ಪಪ್ಪಾಯಿಗಳಂಥ ಕೇಸರಿ ಬಣ್ಣದ್ದು, ಬೇರೆ ತರಕಾರಿ, ಬೇರೆ ಹಣ್ಣು. ಈ ಲೆಕ್ಕವನ್ನು ಮಲೆನಾಡಿನ ಆಷಾಢದ ತಟ್ಟೆಗೆ ಹಿಡಿದರೆ ತಮಾಷೆ ಕಾಣುತ್ತದೆ. ಬೆಳಿಗ್ಗೆ ಅಕ್ಕಿರೊಟ್ಟಿ, ಮಧ್ಯಾಹ್ನ ಅನ್ನ, ಸಂಜೆ ಸುಟ್ಟ ಗೆಣಸು, ರಾತ್ರಿ ಕಡುಬು. ನಾಲಗೆಗೆ ನಾಲ್ಕು ರುಚಿ, ಲೆಕ್ಕಕ್ಕೆ ಒಂದೇ ಗುಂಪು. ಕಾಫಿಯ ಹಾಲು, ತೆಳು ಸಾರಿನ ಬೇಳೆ ಸೇರಿಸಿದರೂ ಐದು ಮುಟ್ಟಲು ಒದ್ದಾಡಬೇಕು. ಪತ್ರೊಡೆ ಮಾಡಿದ ದಿನ ಸೊಪ್ಪು ಸೇರುತ್ತದೆ, ಒಣಮೀನು ಸುಟ್ಟ ದಿನ ಇನ್ನೊಂದು. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಕರ್ನಾಟಕದ 15ರಿಂದ 49 ವರ್ಷದ ಹೆಂಗಸರಲ್ಲಿ ಶೇ 47.8 ಮಂದಿಗೆ, ಐದು ವರ್ಷದೊಳಗಿನ ಮಕ್ಕಳಲ್ಲಿ ಶೇ 65.5ರಷ್ಟಕ್ಕೆ ರಕ್ತಹೀನತೆ ಇತ್ತು. ಅನ್ನದ ಕೊರತೆಯೊಂದರಿಂದ ಬರುವ ಅಂಕಿಯಲ್ಲ ಇದು. ಬಂದವರಿಗೆಲ್ಲ ಅನ್ನ ಬಡಿಸುವ ಅನ್ನಪೂರ್ಣೆಯ ಹೊರನಾಡು ಇಲ್ಲಿಗೆ ಹತ್ತಿರದಲ್ಲೇ ಇದೆ. ಈ ಸೀಮೆಯಲ್ಲಿ ಅನ್ನಕ್ಕೆ ಬರವಿಲ್ಲ, ಅನ್ನದ ಪಕ್ಕದಲ್ಲಿ ಬಡಿಸುವುದಕ್ಕೆ ಬರ.

ಹೀಗಾಗಿ ಸಾಮುದಾಯಿಕ ಕೃಷಿ ಎಂದ ಕೂಡಲೇ ಮತ್ತಷ್ಟು ಭತ್ತ ಬೆಳೆಯುವ ಮಾತಾಡಿದರೆ ನನಗೆ ಅರ್ಧ ಸಮಾಧಾನ. ಘಟ್ಟದ ಕೆಳಗೆ ಉಡುಪಿಯಲ್ಲಿ 2021ರಲ್ಲಿ ಕೇದಾರೋತ್ಥಾನ ಟ್ರಸ್ಟಿನ ಮೂಲಕ ಹಡಿಲು (ಪಾಳುಬಿದ್ದ) ಗದ್ದೆಗಳನ್ನು ಜನರೇ ಇಳಿದು ನೆಟ್ಟದ್ದು ದೊಡ್ಡ ಕೆಲಸ. ನೀರಿಂಗುವುದಕ್ಕೆ ಅದು ಬೇಕು, ಊರು ಒಂದಾಗುವುದಕ್ಕೂ ಬೇಕು. ಆದರೆ ತಟ್ಟೆಯಲ್ಲಿ ಆಗಲೇ ಇರುವ ಗುಂಪಿಗೇ ಅದು ಸೇರುತ್ತದೆ. ನಾಟಿಯ ಉತ್ಸಾಹ ಕೊಯ್ಲಿನ ನಂತರದ ಉದ್ದು-ಅಲಸಂದೆಗೂ ಉಳಿದರೆ ಮಾತ್ರ ತಟ್ಟೆ ಬದಲಾಗುತ್ತದೆ.

ಸಂಸೆಗೆ ಒಪ್ಪುವ ದಾರಿ ಹೊಸದೇನಲ್ಲ. ಮುಯ್ಯಾಳು ಈ ಸೀಮೆಯ ಹಳೆಯ ಲೆಕ್ಕ: ಇವತ್ತು ನಿಮ್ಮ ಗದ್ದೆಗೆ ನಾವು, ನಾಳೆ ನಮ್ಮದಕ್ಕೆ ನೀವು, ದುಡ್ಡಿನ ಮಾತಿಲ್ಲ. 1982ರಲ್ಲಿ ಬೆಳ್ತಂಗಡಿಯಲ್ಲಿ ಶುರುವಾದ ಧರ್ಮಸ್ಥಳ ಗ್ರಾಮಾಭಿವೃದ್ಧಿ ಯೋಜನೆ ಇದನ್ನೇ ಪ್ರಗತಿಬಂಧು ಗುಂಪುಗಳಾಗಿ ಕಟ್ಟಿತು. ಸಣ್ಣ ರೈತರು ಗುಂಪು ಸೇರಿ ವಾರಕ್ಕೊಂದು ದಿನ ಸರದಿಯಂತೆ ಒಬ್ಬೊಬ್ಬರ ಜಮೀನಿನಲ್ಲಿ ದುಡಿಯುವ ಕ್ರಮ ಅದು. ಹೆಚ್ಚಾಗಿ ಆ ದುಡಿಮೆ ತೋಟಕ್ಕೆ, ಬಾವಿಗೆ, ಕಟ್ಟಡಕ್ಕೆ ಹೋಯಿತು. ಹಿತ್ತಿಲು ಹೆಂಗಸರ ಪಾಲಿನ ಬಿಡುವಿನ ಕೆಲಸವಾಗಿಯೇ ಉಳಿಯಿತು. ಬಿಡುವು ಯಾರಿಗಿತ್ತು?

ಎಲ್ಲರದ್ದೂ ಸೇರಿ ಒಂದೇ ದೊಡ್ಡ ತರಕಾರಿ ತೋಟ ಎನ್ನುವ ಯೋಜನೆ ಕಾಗದದಲ್ಲಿ ಚೆಂದ. ಇಲ್ಲಿ ಒಂದು ಮನೆಯಿಂದ ಇನ್ನೊಂದಕ್ಕೆ ಹೋಗಲು ತೋಡು ದಾಟಿ ಗುಡ್ಡ ಹತ್ತಬೇಕು. ಆಷಾಢದ ಮಳೆಯಲ್ಲಿ ಹಿಡಿ ಸೊಪ್ಪಿಗಾಗಿ ಯಾರು ಬರುತ್ತಾರೆ? ಅದಕ್ಕಿಂತ ಮಳೆಗಾಲಕ್ಕೆ ಅವರವರ ಹಿತ್ತಿಲು, ದುಡಿಮೆ ಮಾತ್ರ ಮುಯ್ಯಿಯದು. ಬೇಸಿಗೆಗೆ ತೋಡಿನ ನೀರು ಸಿಗುವ ಒಂದು ಗದ್ದೆ ಸಾಲನ್ನು ಕೂಡಿ ಮಾಡಿ, ಒಂದೇ ಬೇಲಿ ಹಾಕಿ, ಕಾವಲಿಗೆ ಸರದಿ ಹಚ್ಚುವುದು. ಐದು ಮನೆ ಸೇರಿದರೆ ಐದು ದಿನಕ್ಕೊಮ್ಮೆ ಕಾದರಾಯಿತು. ಮಂಗನ ಕಾವಲೆಂಬ ಒಂದೇ ಕಾರಣಕ್ಕಾದರೂ ಇಲ್ಲಿ ಗುಂಪು ಬೇಕು. ಕೇರಳದಲ್ಲಿ 1998ರಲ್ಲಿ ಹುಟ್ಟಿದ ಕುಟುಂಬಶ್ರೀಯ ಹೆಂಗಸರು ಗೇಣಿಗೆ ಜಮೀನು ಹಿಡಿದು ಗುಂಪಾಗಿ ಬೆಳೆಯುತ್ತಾರೆ. ಅರ್ಥಶಾಸ್ತ್ರಜ್ಞೆ ಬೀನಾ ಅಗರ್ವಾಲ್ ಅಲ್ಲಿ ಲೆಕ್ಕ ಹಾಕಿದಾಗ, ಹೆಕ್ಟೇರಿಗೆ ಬಂದ ಬೆಳೆಯ ಮೌಲ್ಯ ಒಂಟಿ ಕುಟುಂಬಗಳ ಸಣ್ಣ ಹಿಡುವಳಿಗಿಂತ ಈ ಗುಂಪುಗಳಲ್ಲೇ ಹೆಚ್ಚಿತ್ತು.

ಬೀಜದ ವಿಷಯಕ್ಕೆ ಉತ್ತರ ಕನ್ನಡದ ಕಡೆ ನೋಡಬೇಕು. ಶಿರಸಿಯ ವನಸ್ತ್ರೀ ಬಳಗ ಮಲೆನಾಡಿನ ಹಿತ್ತಿಲಿನ ಬೀಜಗಳನ್ನು ಹೆಂಗಸರ ಕೈಯಿಂದ ಕೈಗೆ ದಾಟಿಸುವ ಕೆಲಸವನ್ನು 2001ರಿಂದ ಮಾಡುತ್ತಿದೆ. ಮಳೆ ಹಿಡಿಯುವ ಹೊತ್ತಿಗೆ ಅವರ ಮಲೆನಾಡು ಮೇಳ. ಪೇಟೆಯ ಪೊಟ್ಟಣದ ಬೀಜ ಈ ಮಳೆಗೆ ಕೊಳೆಯುತ್ತದೆ. ಬೂದಿ ಹಚ್ಚಿ ಕಾಪಿಟ್ಟ ಊರಿನ ಹೀರೆ, ಹಾಗಲ, ಹರಿವೆ ಕೊಳೆಯುವುದು ಕಡಿಮೆ. ಮಂಗ ಅಷ್ಟಾಗಿ ಮುಟ್ಟದ ಹಾಗಲ, ಸುವರ್ಣಗೆಡ್ಡೆ, ಕೆಸುವನ್ನು ಹೊರಸುತ್ತಿಗೆ ಹಾಕಿ ಬೆಂಡೆ, ಹೀರೆಯನ್ನು ಮನೆಗೆ ಹತ್ತಿರ ಇಡುವ ಜಾಣತನ ಹಳಬರಿಗೆ ಗೊತ್ತಿದ್ದದ್ದೇ.

ಉಳಿದದ್ದು ಎಸ್ಟೇಟಿನ ಲೈನ್ ಮನೆಗಳು. ಚಹಾ, ಕಾಫಿ ತೋಟದ ಕೂಲಿಯವರಿಗೆ ಹಿತ್ತಿಲು ಎಂದರೆ ಗೋಡೆಯ ಹಿಂದಿನ ನಾಲ್ಕು ಮಾರು ಜಾಗ, ಅದೂ ತಮ್ಮದಲ್ಲ. ವೈವಿಧ್ಯ ತೀರಾ ಕಡಿಮೆ ಇರುವ ತಟ್ಟೆಗಳು ಸಾಮಾನ್ಯವಾಗಿ ಇಂಥ ಕಡೆಯವೇ. ಜಮೀನಿದ್ದವರ ನಡುವಿನ ಮುಯ್ಯಿಯಲ್ಲಿ ಇವರಿಗೆ ಜಾಗವಿಲ್ಲ, ಏಕೆಂದರೆ ತೀರಿಸಲು ಇವರ ಬಳಿ ಗದ್ದೆಯಿಲ್ಲ. ಬೇಸಿಗೆಯ ಕೂಡುಗದ್ದೆಯಲ್ಲಿ ಕಾವಲು, ಕಳೆಯ ಸರದಿಗೆ ಇವರನ್ನೂ ಸೇರಿಸಿ, ಕೂಲಿಯ ಬದಲು ಕಾಳಿನಲ್ಲಿ, ಕಾಯಿಯಲ್ಲಿ ಪಾಲು ಕೊಡಬಹುದು. ಆ ಪಾಲು ಎಷ್ಟು, ಹೋಂಸ್ಟೇಗಳಿಗೆ ಮಾರುವುದೆಷ್ಟು, ಮನೆಗೆ ಉಳಿಸುವುದೆಷ್ಟು ಎನ್ನುವುದನ್ನು ಬಿತ್ತನೆಗೆ ಮೊದಲೇ ಸಂಘದ ಪುಸ್ತಕದಲ್ಲಿ ಬರೆಯಬೇಕು. ಕೊಯ್ಲಿನ ದಿನ ಕೇಳಿದರೆ ಎಲ್ಲವೂ ಜೀಪು ಹತ್ತಿರುತ್ತದೆ.